ಮಾಸ್ಟರ್ ತಿದ್ದಿಕೊಟ್ಟ ಹೆಜ್ಜೆ

ಮಾಸ್ಟರ್ ಅವರ ಬಲ ಅಂಗೈಯಲ್ಲಿ ಎರಡು ಜಡ್ಡುಗಳಿದ್ದವು. ಹೆಬ್ಬೆರಳಿನ ಬುಡದಲ್ಲಿದ್ದದ್ದು ಮಗ್ಗದ್ದು. ಲಾಳಿಯ ಹಗ್ಗ ಎಳೆದೂ ಎಳೆದೂ ಹಳದಿಗಟ್ಟಿ ಗಟ್ಟಿಯಾಗಿತ್ತು. ಅಂಗೈ ನಡುವೆ ಅಡ್ಡಕ್ಕಿದ್ದದ್ದು ಕೋಲಿನದು. ಅದು ಬಂದದ್ದು ಅವರಿಗೆ ನಲವತ್ತು ದಾಟಿದ ಮೇಲೆ. ಯಾರಾದರೂ ಕೇಳಿದರೆ ಮೊದಲನೆಯದನ್ನು ಮುಟ್ಟಿ "ಇದು ಒಟ್ಟೆಗೆ" ಎನ್ನುತ್ತಿದ್ದರು, ಎರಡನೆಯದನ್ನು ಮುಟ್ಟಿ "ಇದು ನಂಗೆ" ಎನ್ನುತ್ತಿದ್ದರು.

ಸೇಲಂನಲ್ಲಿ ನಮ್ಮದು ಕನ್ನಡ ಮಾತಾಡುವ ನೇಕಾರರ ಬೀದಿ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಮಾಸ್ಟರ್ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅವರ ಮಗ್ಗ ನಿಂತರೆ ನಮಗೆ ಗೊತ್ತಾಗುತ್ತಿತ್ತು. ತೊಂಬತ್ತರ ದಶಕದ ಆರಂಭ. ನನಗೆ ಆಗ ಹತ್ತೊಂಬತ್ತು ವರ್ಷ. ಅಪ್ಪನ ಮಗ್ಗದ ಕಂಡಿಕೆಗಳಿಗೆ ನೂಲು ಸುತ್ತುವುದು ನನ್ನ ಕೆಲಸ, ಮದುವೆಯ ಮಾತು ಬಂದಾಗಲೆಲ್ಲ ಮುಖ ಗಂಟಿಕ್ಕಿಕೊಳ್ಳುವುದು ನನ್ನ ಉಪಕೆಲಸ.

ಸಿಂಗಾಪುರಕ್ಕೆ ಹೋಗಿ ಬಂದ ಪರಿಚಯದವರೊಬ್ಬರು ಮಾಸ್ಟರ್‌ಗೆ ಒಂದು ವಿಡಿಯೋ ಕ್ಯಾಸೆಟ್ ಕೊಟ್ಟಿದ್ದರು. ಅದರಲ್ಲಿ ಬೋಳುತಲೆಯ ಮುದುಕರೊಬ್ಬರು ಮಣ್ಣಿನ ಅಂಗಳದಲ್ಲಿ ನಿಂತು ಕೋಲು ತಿರುಗಿಸುತ್ತಿದ್ದರು, ಕುಡುಗೋಲು ಬೀಸುತ್ತಿದ್ದರು, ಅಡ್ಡಹಿಡಿಯಿದ್ದ ಎರಡು ಮರದ ತುಂಡುಗಳನ್ನು ಮೊಣಕೈಗೆ ಒರಗಿಸಿ ಹೊಡೆತ ತಡೆಯುತ್ತಿದ್ದರು. ಮಾತೆಲ್ಲ ಜಪಾನಿ. ಜಪಾನಿನ ತೆಂಕಣ ತುದಿಯಲ್ಲಿ ಓಕಿನಾವಾ ಎಂಬ ದ್ವೀಪವಿದೆ, ಅಲ್ಲಿಯ ರೈತರು ಬೆಸ್ತರು ಮನೆಯ ಸಾಮಾನನ್ನೇ ಆಯುಧ ಮಾಡಿಕೊಂಡರೆಂದು ಹೇಳುತ್ತಾರೆ ಎಂಬುದೆಲ್ಲ ನಮಗೆ ತಿಳಿದದ್ದು ಎಷ್ಟೋ ತಿಂಗಳ ಮೇಲೆ. ಆದರೆ ಮಾಸ್ಟರ್‌ಗೆ ಮೊದಲ ದಿನವೇ ಅರ್ಧ ಅರ್ಥವಾಗಿತ್ತು. "ಇದೇನು ಅಮ್ಮಣ್ಣಿ, ಈ ತಾತ ನಮ್ ಬೀಸೋಕಲ್ಲು ಗೂಟ ತಗಂಡು ಒಡೀತಾವ್ರೆ!" ಎಂದು ನಕ್ಕರು. ನನ್ನನ್ನು ಅವರು ಯಾವಾಗಲೂ ಅಮ್ಮಣ್ಣಿ ಎಂದೇ ಕರೆಯುತ್ತಿದ್ದದ್ದು.

ಟೇಪು ನಿಲ್ಲಿಸಿ, ಟೀವಿಯ ಗಾಜಿನ ಮೇಲೆ ನೂಲು ಹಿಡಿದು, ತಾತನ ಎತ್ತರಕ್ಕೆ ಕೋಲು ಎಷ್ಟು ಉದ್ದ ಎಂದು ಅಳೆದರು. ಆ ಲೆಕ್ಕದಲ್ಲಿ ತಮ್ಮ ಎತ್ತರಕ್ಕೆ ಒಂದು ಕೋಲು ಮಾಡಿಕೊಂಡರು. ಬೀದಿಯವರು ಸುಮ್ಮನಿರುತ್ತಾರೆಯೇ? ನಮ್ಮೂರಲ್ಲೇ ಸಿಲಂಬದ ಕೋಲುವರಸೆ ಇರುವಾಗ ಟೀವಿಯಲ್ಲಿ ಕೋಲು ಕಲಿಯುವ ಗ್ರಹಚಾರ ಏಕೆ ಎಂದು ನಮ್ಮಪ್ಪನೇ ಕೇಳಿದ. ಮಾಸ್ಟರ್ ಹೇಳಿದರು: "ಚಿಕ್ಕೋನಿದ್ದಾಗ ಸಿಲಂಬ ಕಲಿಸೋ ವಾತ್ಯಾರ ಮನೆ ಮುಂದೆ ಆರು ತಿಂಗ್ಳು ನಿಂತಿವ್ನಿ. ಸೇರಿಸ್ಕಳ್ಲಿಲ್ಲ. ಈ ತಾತ ಯಾರ್ನೂ ಬ್ಯಾಡ ಅನ್ನಲ್ಲ."

ಕಲಿಯಲು ಬಂದವರನ್ನು ಮಾಸ್ಟರ್ ಕೂಡ ಯಾರನ್ನೂ ಬೇಡ ಎನ್ನಲಿಲ್ಲ. ನಾನು ಹೆಣ್ಣು ಎಂದು ಹಿಂಜರಿದಾಗ "ಕೋಲಿಗೇನು ಗೊತ್ತಾಗ್ತದೆ?" ಎಂದರು, ಅಷ್ಟೇ. ಭಾನುವಾರ ಬೆಳಿಗ್ಗೆ, ಹಾಸಿನ ನೂಲನ್ನು ಉದ್ದಕ್ಕೆ ಬಿಗಿದು ಗಂಜಿ ಹಾಕುವ ಬೀದಿಯಲ್ಲೇ ನಮ್ಮ ಪಾಠ. ಮಧ್ಯಾಹ್ನ ಅವರ ಮನೆಯಲ್ಲಿ ಟೇಪು. ಅವರ ಎರಡು ಕೈಯಲ್ಲೂ ಕೋಲಿರುತ್ತಿದ್ದರಿಂದ ರಿಮೋಟ್ ನನ್ನ ಕೈಗೆ ಬಂತು. ನಾನು ಆತುರಪಟ್ಟು ಮುಂದಕ್ಕೆ ಓಡಿಸಿದರೆ "ಏನು ಅರ್ಜೆಂಟು? ತಾತ ಎಲ್ಲೂ ಓಗಲ್ಲ, ಇನ್ನೊಂದ್ ದಪ ನೋಡಾಣ" ಎನ್ನುತ್ತಿದ್ದರು. ಅವರ ಬಾಯಲ್ಲಿ ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ.

ನಮ್ಮ ಜೊತೆ ಮೂರನೆಯವನಾಗಿ ಕೂರುತ್ತಿದ್ದವನು ಮಾಸ್ಟರ್ ತಂಗಿಯ ಮಗ. ಮೆಟ್ಟೂರಿನವನು. ಸೇಲಂನಲ್ಲಿ ಕೆಲಸ ಕಲಿಯಲು ಬಂದು ಮಾವನ ಮನೆಯಲ್ಲಿ ಉಳಿದಿದ್ದ. ಅವರ ಮೊದಲ ಶಿಷ್ಯ ಅವನೇ, ನಮ್ಮೆಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದವನೂ ಅವನೇ.

ಒಂದು ಭಾನುವಾರ ನಾನು ಟೇಪು ನಿಲ್ಲಿಸಿ ಹೇಳಿದೆ: "ಮಾಸ್ಟರ್, ಇಲ್ ನೋಡಿ. ತಿರುಗುವಾಗ ತಾತ ಎಡಗಾಲು ನೆಲಕ್ಕೆ ಎಳೀತಾರೆ. ನಾವು ಎತ್ತಿ ಇಡ್ತಾ ಇದೀವಿ." ಮಾಸ್ಟರ್ ಇಲ್ಲ ಎಂದರು. ನಾನು ಹೌದು ಎಂದೆ. ಹಿಂದಕ್ಕೆ ಓಡಿಸಿ ಓಡಿಸಿ ತೋರಿಸಿದೆ. ಅಳಿಯನೂ ನನ್ನ ಪಕ್ಷ ಸೇರಿದ: "ಊಂ ಮಾವ, ಎಳೀತಾರೆ." ಏಕೆ ಎಳೆಯುತ್ತಾರೆ ಎಂದು ಮಾಸ್ಟರ್ ಕೇಳಿದಾಗ, ಮಣ್ಣಂಗಳವಲ್ಲವೇ, ಎದುರಿನವನ ಕಣ್ಣಿಗೆ ಧೂಳೆಬ್ಬಿಸಲು ಎಂದು ನಾನೇ ಅರ್ಥವನ್ನೂ ಹಚ್ಚಿಕೊಟ್ಟೆ. ಅವರು ಬಹಳ ಹೊತ್ತು ಯೋಚಿಸಿ ಒಪ್ಪಿಕೊಂಡರು. "ಮಗ್ಗದ ಅಚ್ಚಿನಾಗೆ ಒಂದ್ ಎಳೆ ತಪ್ಪಿದ್ರೂ ಇಡಿಯೋ ಕಣ್ಣು ನಮ್ ಅಮ್ಮಣ್ಣೀದು" ಎಂದು ಬೀದಿಗೆಲ್ಲ ಹೇಳಿದರು. ನಾನು ಒಂದು ವಾರ ನೆಲದ ಮೇಲೆ ನಡೆಯಲಿಲ್ಲ.

ನಾಲ್ಕು ವರ್ಷದಲ್ಲಿ ಮೂವತ್ತೊಂದು ಜನ ಅವರ ಹತ್ತಿರ ಕೋಲು ಕಲಿತರು. ಮೂವತ್ತೊಂದು ಜನವೂ ಆ ತಿರುವಿನಲ್ಲಿ ಎಡಗಾಲು ಎಳೆದರು.

ಆಮೇಲೆ ಸೇಲಂನ ಒಂದು ಮೈದಾನದಲ್ಲಿ ಕರಾಟೆಯವರ ಪ್ರದರ್ಶನ ನಡೆಯಿತು. ನಮ್ಮನ್ನೂ ಕರೆದಿದ್ದರು. ಚೆನ್ನೈಯಿಂದ ಬಂದಿದ್ದ ಹಿರಿಯ ಗುರುಗಳೊಬ್ಬರು ಮುಂದೆ ಕೂತಿದ್ದರು. ಮೊದಲು ಅಳಿಯ ಹೋದ. ಮುಗಿದ ಮೇಲೆ ಅವರು ಅಕ್ಕರೆಯಿಂದಲೇ ತಮಿಳಿನಲ್ಲಿ, ಕಾಲಿಗೆ ಏನಾಯಿತಪ್ಪಾ, ಪೆಟ್ಟಾಗಿದೆಯೇ ಎಂದು ಕೇಳಿದರು. ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಎರಡನೆಯವನು ಹೋದ, ಅವನೂ ಎಳೆದ. ಮೂರನೆಯವನು ಎಳೆದಾಗ ಮೈದಾನವೆಲ್ಲ ನಕ್ಕಿತು. ಗುರುಗಳು ಮಾಸ್ಟರ್ ಅವರನ್ನು ಕರೆದು ಯಾವ ಟೇಪು ಎಂದು ವಿಚಾರಿಸಿದರು. ಅವರಿಗೆ ಆ ಟೇಪು ಗೊತ್ತಿತ್ತು. ತಾತನಿಗೆ ಮಂಡಿಗೆ ಪೆಟ್ಟಾಗಿ ಕಾಲು ಎತ್ತಲಾಗುತ್ತಿರಲಿಲ್ಲ, ಅದು ವರಸೆಯಲ್ಲ, ನೋವು ಎಂದರು. ಅಳಿಯ ಕೋಲನ್ನು ಅಲ್ಲೇ ನೆಲದ ಮೇಲಿಟ್ಟು ನೇರ ಮೆಟ್ಟೂರು ಬಸ್ಸು ಹತ್ತಿದ. ಮತ್ತೆ ಮಾವನ ಮನೆಗೆ ಬರಲಿಲ್ಲ.

ಮುಂದಿನ ಭಾನುವಾರ ಮಾಸ್ಟರ್ ಬರುವುದಿಲ್ಲ ಎಂದುಕೊಂಡಿದ್ದೆ. ಎಂದಿನಂತೆ ಬಂದರು. ಬೀದಿಯಲ್ಲಿ ಉಳಿದಿದ್ದ ಒಂಬತ್ತು ಜನರ ಮುಂದೆ ಕೈಮುಗಿದು ನಿಂತರು. "ನಾನು ತಪ್ಪು ಕಲಿಸ್ಬುಟ್ಟೆ. ನನ್ ಕಣ್ಣು ತಪ್ಪು. ಇವತ್ತಿಂದ ಕಾಲು ಎತ್ತಿ ಇಡಾಣ." ಈಗ ನನ್ನ ಹೆಸರು ಹೇಳುತ್ತಾರೆ ಎಂದುಕೊಂಡೆ. ಅವರು ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ. ಪಾಠ ಮುಗಿದ ಮೇಲೆ ತಮ್ಮಷ್ಟಕ್ಕೆ ಹೇಳಿಕೊಂಡರು: "ಊರು ಬಿಟ್ಟೋದೋರು ಇಪ್ಪತ್ತೆರಡು ಜನ ಅವ್ರೆ. ಅವ್ರಿಗೆ ಯಾರು ಯೋಳ್ತಾರೆ?"

ಅಮಾವಾಸ್ಯೆಯ ದಿನ ನಮ್ಮ ಬೀದಿಯಲ್ಲಿ ಯಾರೂ ಮಗ್ಗಕ್ಕೆ ಇಳಿಯುವುದಿಲ್ಲ. ಉಳಿದವರಿಗೆ ಅದು ಎಣ್ಣೆಸ್ನಾನದ ದಿನ, ಮಾಸ್ಟರ್‌ಗೆ ಬಸ್ಸಿನ ದಿನವಾಯಿತು. ಎರಡು ವರ್ಷ, ಅಮಾವಾಸ್ಯೆ ಬಿಡದೆ, ಒಬ್ಬೊಬ್ಬ ಶಿಷ್ಯನ ವಿಳಾಸ ಹುಡುಕಿಕೊಂಡು ಹೋದರು. ಅವರ ಹೆಂಡತಿ ಜೊತೆಗೆ ಹೊರಟಾಗ ಅಪ್ಪ ನನ್ನನ್ನೂ ಕಳಿಸುತ್ತಿದ್ದ. ಹರೂರಿನ ಹತ್ತಿರ ಮರಗೆಣಸಿನ ಹೊಲದ ಬದುವಿನ ಮೇಲೆ ನಿಂತು ಒಬ್ಬನಿಗೆ ಹೆಜ್ಜೆ ತಿದ್ದಿದರು. ಕಾರಿಮಂಗಲದಲ್ಲಿ ದಿನಸಿ ಅಂಗಡಿ ಇಟ್ಟಿದ್ದವನು "ಮಾಸ್ಟರ್, ನಂಗೆ ಎಲ್ಲಾ ಮರ್ತೇ ಓಗೈತೆ" ಎಂದು ನಾಚಿಕೊಂಡ. "ಮರ್ತಿದ್ರೆ ಒಳ್ಳೇದಾಯ್ತು. ಯಾವಾಗ್ಲಾದ್ರೂ ನೆಪ್ಪಾದ್ರೆ ಇಂಗೆ ನೆಪ್ಪು ಮಾಡ್ಕೋ" ಎಂದು ಅಕ್ಕಿಮೂಟೆಗಳ ನಡುವೆಯೇ ಕಾಲೆತ್ತಿ ಇಟ್ಟು ತೋರಿಸಿದರು. ಎಲ್ಲ ಕಡೆಯೂ ಒಂದೇ ಮಾತು: ನನ್ ಕಣ್ಣು ತಪ್ಪು.

ಆವತ್ತು ಕಾರಿಮಂಗಲದಿಂದ ವಾಪಸ್ ಬರುವಾಗ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ನನಗೆ ತಡೆಯಲಾಗಲಿಲ್ಲ. "ಮಾಸ್ಟರ್, ಅದನ್ನ ತೋರಿಸ್ಕೊಟ್ಟಿದ್ದು ನಾನು ತಾನೆ..." ಎಂದು ಶುರುಮಾಡಿದೆ. "ಟೀ ಕುಡಿ ಅಮ್ಮಣ್ಣಿ, ಆರೋಗ್ತೈತೆ" ಎಂದು ಬಸ್ಸಿನ ಬೋರ್ಡು ಓದತೊಡಗಿದರು.

ಕೊನೆಗೆ ಉಳಿದದ್ದು ಮೆಟ್ಟೂರು. ಅಳಿಯನಿಗೆ ಆಗ ಥರ್ಮಲ್ ವಿದ್ಯುತ್ ಸ್ಥಾವರದಲ್ಲಿ ಕೆಲಸವಾಗಿತ್ತು. ಅವನು ಮನೆಯಲ್ಲಿಲ್ಲ ಎಂದು ಮಾಸ್ಟರ್ ತಂಗಿ ಹೇಳಿದರು. ಹೇಳುವಾಗ ನೆಲ ನೋಡುತ್ತಿದ್ದರು. ಅವನ ಚಪ್ಪಲಿ ಬಾಗಿಲಲ್ಲೇ ಇತ್ತು, ಒಳಕೋಣೆಯ ಕದ ಮುಚ್ಚಿತ್ತು. ಮಾಸ್ಟರ್ ಆ ಕದದ ಮುಂದೆ ಹೋಗಿ ನಿಂತು, ಎದುರಿಗೆ ಮನುಷ್ಯ ಇದ್ದಾನೆಂಬಂತೆ ಮಾತಾಡಿದರು. "ಅಪ್ಪಾ, ನೀನು ಸರಿಯಾಗೇ ಮಾಡ್ದೆ. ಕಲಿಸ್ದೋನು ತಪ್ಪಾಗಿ ಕಲಿಸ್ದೆ. ಅಷ್ಟ್ ಜನ್ರ ಮುಂದೆ ನಿಂಗೆ ಅವಮಾನ ಆಗಿದ್ದು ನನ್ನಿಂದ." ಕದ ತೆರೆಯಲಿಲ್ಲ. ಬರಿಗೈಯಲ್ಲೇ ಕದಕ್ಕೆ ಮುಖಮಾಡಿ ತಿರುಗಿ, ಎಡಗಾಲನ್ನು ಎತ್ತಿ ಇಟ್ಟರು. ನಾನು ಪಕ್ಕದಲ್ಲೇ ನಿಂತಿದ್ದೆ. ತಪ್ಪು ನನ್ನದು ಎಂದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ನಾಚಿಕೆಯೋ ಹೆದರಿಕೆಯೋ, ಈಗ ಯಾವ ಹೆಸರು ಕೊಟ್ಟರೂ ಒಂದೇ.

ಮೂರು ತಿಂಗಳಿಗೆ ಮಾಸ್ಟರ್ ತೀರಿಕೊಂಡರು. ಮಗ್ಗದ ಗುಂಡಿಯಲ್ಲಿ ಕೂತಿದ್ದಾಗಲೇ ಎದೆ ಹಿಡಿದುಕೊಂಡಿತು. ಗೋಡೆಯಾಚೆ ಮಗ್ಗ ನಿಂತದ್ದು ನನಗೆ ಕೇಳಿಸಿತು. ದಾರ ಕಡಿದಿರಬೇಕು ಎಂದುಕೊಂಡು ಕಂಡಿಕೆ ಸುತ್ತುತ್ತಲೇ ಇದ್ದೆ.

ಅಳಿಯ ಬಂದ. ಚಟ್ಟಕ್ಕೆ ಹೆಗಲು ಕೊಟ್ಟ. ಹಾಲುತುಪ್ಪದ ದಿನ ಹಿತ್ತಲಲ್ಲಿ ಒಬ್ಬನೇ ಕೂತಿದ್ದವನ ಹತ್ತಿರ ಹೋಗಿ ಹೇಳಿದೆ: "ಮಾಸ್ಟರ್ ಮೇಲೆ ಕ್ವಾಪ ಇಟ್ಕಬ್ಯಾಡ. ಕಾಲು ಎಳೆಯೋದು ಕಂಡು ಇಡಿದಿದ್ದು ನಾನು. ಅವ್ರು ಇಲ್ಲ ಅಂದ್ರೂ ಒಪ್ಪಿಸ್ದೋಳು ನಾನು."

ಅವನು ತಲೆಯೆತ್ತಲಿಲ್ಲ. "ಗೊತ್ತಕ್ಕ. ನಾನೂ ಅಲ್ಲೇ ಇದ್ನಲ್ಲ. ಊಂ ಮಾವ ಅಂದೋನು ನಾನೇ ತಾನೆ? ಕ್ವಾಪ ಎಲ್ಲೈತೆ? ಅವ್ರು ಬಾಗ್ಲಾಚೆ ನಿಂತ್ಕಂಡು ತಪ್ಪು ನಂದು ತಪ್ಪು ನಂದು ಅಂತಿದ್ರೆ, ನಾನು ಕದ ತಗ್ದು ಯಾವ ಮುಖ ತೋರಿಸ್ಲಿ?"

ಇಬ್ಬರೂ ಅತ್ತೆವು. ಅವನಾದರೂ ಕದದ ಹಿಂದೆ ಇದ್ದವನು. ನಾನು ಅವರ ಪಕ್ಕದಲ್ಲೇ ನಿಂತು, ಅದೇ ಬಸ್ಸಿನಲ್ಲಿ ಕೂತು, ಅವರು ಕೊಡಿಸಿದ ಟೀ ಕುಡಿದವಳು.

ಆ ಹೊಲದವನಿಗೆ, ಆ ಅಂಗಡಿಯವನಿಗೆ, ಉಳಿದ ಎಲ್ಲರಿಗೆ, ತಪ್ಪು ಮಾಸ್ಟರದು ಎಂದೇ ಇವತ್ತಿಗೂ ನಂಬಿಕೆ. ಅಲ್ಲ, ನನ್ನದು ಎಂದು ಹೇಳಲು ಅವರಲ್ಲಿ ಒಬ್ಬರ ಮನೆಗೂ ನಾನು ಇನ್ನೂ ಹೋಗಿಲ್ಲ.