ಗೊತ್ತಿಲ್ಲ ಎನ್ನದ ಕ್ಲಾಸು

ಅಂದು ನನ್ನ ಕೈಯಲ್ಲಿದ್ದ ಸೌಟಿನಿಂದ ಒಂದು ಹನಿಯೂ ಆ ಮಗುವಿನ ಎಲೆಗೆ ಬಿದ್ದಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈಗಲೂ ನೆನೆದಾಗ ನಾನು ಮೊದಲು ಖಚಿತ ಮಾಡಿಕೊಳ್ಳುವುದು ಅದನ್ನೇ.

ತಿರುವನಂತಪುರದ ಕನ್ನಡ ಕೂಟದ ಊಟಕ್ಕೆ ಹೆಸರು ನೋಂದಾಯಿಸುವ ವೆಬ್ ಪುಟವನ್ನು ನಾವಿಬ್ಬರು ಬರೆದಿದ್ದೆವು. ಕೊಚ್ಚಿಯಲ್ಲಿ ಕೂತು, ಜನ ತುಂಬಿದ ವಿವರ ಇಟ್ಟುಕೊಳ್ಳುವ ಪ್ರೋಗ್ರಾಂ ತುಂಡನ್ನು, ಅಂದರೆ ಪಿಎಚ್‌ಪಿ ಕ್ಲಾಸನ್ನು, ಬರೆದವನು ನಾನು. ಪ್ರತಿ ಎಲೆಯ ಪಕ್ಕ ಇಡುವ ಕಾರ್ಡನ್ನು ಮುದ್ರಿಸುವ ಪುಟ, ಬಾಹ್ಯಾಕಾಶ ಸಂಸ್ಥೆಯಲ್ಲಿ ಕೆಲಸ ಮಾಡುವ ಧಾರವಾಡದ ಮೇಡಂ ಅವರದು. ಯಾರು ಏನು ತಿನ್ನಬಾರದು ಎಂಬುದು ಬಡಿಸುವವರಿಗೆ ತಿಳಿಯಲಿ ಎಂದೇ ಆ ಕಾರ್ಡು.

ನನ್ನ ಕ್ಲಾಸಿನಲ್ಲಿ ಯಾರೂ ಕರೆಯದೆ ತಾವೇ ಓಡುವ ಎರಡು ಮ್ಯಾಜಿಕ್ ಮೆಥಡ್‌ಗಳಿದ್ದವು: ಸೆಟರ್, ಗೆಟರ್. ಕ್ಲಾಸಿನಲ್ಲಿ ಇಲ್ಲದ ಖಾನೆಯ ಹೆಸರಿಗೆ ಯಾರಾದರೂ ಏನಾದರೂ ವಿವರ ಕೊಟ್ಟರೆ ಸೆಟರ್ ತಾನಾಗಿ ಎದ್ದು ತೆಗೆದಿಟ್ಟುಕೊಳ್ಳುತ್ತಿತ್ತು. ಕೇಳಿದರೆ ಗೆಟರ್ ಹುಡುಕಿ ಕೊಡುತ್ತಿತ್ತು. ಸಿಗದಿದ್ದರೆ? ತಕರಾರಿಲ್ಲದೆ ಖಾಲಿ ಉತ್ತರ. ಎಷ್ಟು ಕಡಿಮೆ ಸಾಲು ಕೋಡು ಎಂದು ನಾನು ಬೀಗಿದ್ದೆ. ಪರೀಕ್ಷೆಗೆ ನನ್ನ ಹೆಸರನ್ನೇ ಹಾಕಿದೆ. ನಾನು ಎಲ್ಲವನ್ನೂ ತಿನ್ನುವವನು. ಕಾರ್ಡಿನಲ್ಲಿ ‘ಏನೂ ಇಲ್ಲ’ ಎಂದು ಬಂತು. ಸರಿಯಾಗಿದೆ ಎಂದು ಇಬ್ಬರೂ ಒಪ್ಪಿದೆವು.

ಊಟದ ದಿನ ಕೊಚ್ಚಿ ಬಳಿಯ ಆಲುವದಿಂದ ರೈಲು ಹತ್ತಿ ಹೋದೆ. ಪಾಯಸದ ಪಾತ್ರೆ ನನ್ನ ಪಾಲಿಗೆ ಬಂತು. ಅದರಲ್ಲಿ ಚಾಲೈ ಮಾರುಕಟ್ಟೆಯಿಂದ ತಂದ ಗೋಡಂಬಿ ತೇಲುತ್ತಿತ್ತು. ಮೊದಲ ಪಂಕ್ತಿಯಲ್ಲಿ ಮೇಡಂ ಅವರ ಏಳು ವರ್ಷದ ಮಗಳು ಕೂತಿದ್ದಳು. ಕಾರ್ಡು ನೋಡಿದೆ: ‘ಏನೂ ಇಲ್ಲ’. ಸೌಟು ತುಂಬಿ ಬಾಗಿಸುವಷ್ಟರಲ್ಲಿ ಅವಳು ಎಲೆಯ ಮೇಲೆ ಅಂಗೈ ಅಡ್ಡ ಹಿಡಿದಳು.

“ಅಂಕಲ್, ಇದಿಲ್ ಅಂಡಿಪ್ಪರಿಪ್ಪ್ ಉಂಡೋ?”

ಗೋಡಂಬಿ ಇದೆಯೇ ಎಂದು ಕೇಳುತ್ತಿದ್ದಳು. ಉಂಟು ಎಂದೆ. ಹಾಗಾದರೆ ಬೇಡ, ತಿಂದರೆ ತನಗೆ ಉಸಿರು ಕಟ್ಟುತ್ತದೆ, ಕಳೆದ ಸಲ ಆಸ್ಪತ್ರೆಗೆ ಒಯ್ದಿದ್ದರು ಎಂದು ಮಲಯಾಳದಲ್ಲೇ, ಶಾಲೆಯ ಪಾಠ ಒಪ್ಪಿಸುವಂತೆ ಹೇಳಿದಳು. ಸೌಟನ್ನು ಪಾತ್ರೆಗೆ ಇಳಿಸಿ ಮೇಡಂ ಅವರನ್ನು ಕರೆದೆ.

ಸಾರು ಬಡಿಸುತ್ತಿದ್ದ ಮೇಡಂ ಬಂದು ಕಾರ್ಡನ್ನು ಎರಡು ಸಲ ಓದಿದರು. ಲ್ಯಾಪ್‌ಟಾಪ್ ತೆರೆದೆವು. ಗೋಡಂಬಿಯ ವಿಷಯ ಅವರೇ ತುಂಬಿದ್ದರು, ಅದು ಅಲ್ಲೇ ಇತ್ತು. ನಾನು ‘ಅಲರ್ಜಿ’ ಎಂಬ ಹೆಸರಿನಲ್ಲಿ ಇಟ್ಟದ್ದನ್ನು ಅವರ ಪುಟ ‘ಪಥ್ಯ’ ಎಂಬ ಹೆಸರಿನಲ್ಲಿ ಕೇಳಿತ್ತು. ನನ್ನ ಗೆಟರ್ ಖಾಲಿ ಉತ್ತರ ಕೊಟ್ಟಿತ್ತು; ಅವರ ಪುಟ ಅದನ್ನು ‘ಏನೂ ಇಲ್ಲ’ ಎಂದು ಓದಿಕೊಂಡಿತ್ತು. ಎಲ್ಲ ಕಾರ್ಡುಗಳಲ್ಲೂ ಅದೇ.

“ನಿಮ್ಮ ಕ್ಲಾಸು ಭಾಳ ಸಂಭಾವಿತ ಅದ ರೀ,” ಎಂದರು ಮೇಡಂ. “ಗೊತ್ತಿಲ್ಲ ಅಂತ ಒಮ್ಮೆನೂ ಅನ್ನಂಗಿಲ್ಲ.”

ನಗಲು ಹೋದರು, ಆಗಲಿಲ್ಲ. ನಾನು ಪಾಯಸ ನಿಲ್ಲಿಸಿ, ಕೂತಿದ್ದವರನ್ನೆಲ್ಲ ಬಾಯಿಬಿಟ್ಟು ಕೇಳಿ ಬಂದೆ. ಇನ್ನೊಬ್ಬರಿಗೆ ಎಳ್ಳು ಆಗದಂತೆ. ಎಳ್ಳು ಯಾವುದರಲ್ಲೂ ಇರಲಿಲ್ಲ. ಆಮೇಲೆ ಕೂತು, ಇರಬೇಕಾದ ಖಾನೆಗಳ ಪಟ್ಟಿ ಬರೆದು, ಅದರಲ್ಲಿಲ್ಲದ ಹೆಸರು ಬಂದರೆ ಗೆಟರ್ ಆಗಲಿ ಸೆಟರ್ ಆಗಲಿ ಅಲ್ಲೇ ನಿಂತು ದೂರು ಹೇಳುವಂತೆ ಬದಲಿಸಿದೆ. ಮುದ್ರಿಸಲು ಹೋದರೆ ಮೊದಲ ಕಾರ್ಡಿಗೇ ನಿಂತಿತು: ‘ಪಥ್ಯ’ ಗೊತ್ತಿಲ್ಲ. ಮೇಡಂ ತಮ್ಮ ಪುಟದಲ್ಲಿ ಹೆಸರು ತಿದ್ದಿದರು. ಎರಡನೆಯ ಪಂಕ್ತಿಯವರು ಹಸಿದು ಬಾಗಿಲಲ್ಲಿ ಗೊಣಗುತ್ತಿದ್ದರು.

ಹೊಸ ಕಾರ್ಡನ್ನು ಮಗುವಿನ ಎಲೆಯ ಪಕ್ಕ ಇಟ್ಟು, ಮಜ್ಜಿಗೆ ಅನ್ನಕ್ಕೆ ಕಾಯುತ್ತಿದ್ದವಳ ಬಳಿ ಮಜ್ಜಿಗೆಯ ಜಗ್ಗು ಹಿಡಿದು ನಿಂತೆ. ಅವಳು ಕಾರ್ಡಿನತ್ತ ನೋಡಲೂ ಇಲ್ಲ. ಮತ್ತೆ ಅಂಗೈ ಅಡ್ಡ ಇಟ್ಟು ಅದೇ ಪ್ರಶ್ನೆ ಕೇಳಿದಳು. ಗೊತ್ತಿಲ್ಲ ಎಂದೆ. ಅಡುಗೆಯವರನ್ನು ಕೇಳಿ ಬಂದು, ಇಲ್ಲ ಎಂದೆ. ಆಗ ಕೈ ತೆಗೆದಳು.