ಅಕ್ಕ ನೀರಿಗೆ ಬಿಟ್ಟ ಅಪ್ಪ

ನನ್ನಕ್ಕ ಕೆಟ್ಟವಳಲ್ಲ ಎಂದು ಎಲ್ಲರೂ ಹೇಳುತ್ತಾರೆ. ಹೇಳಲಿ. ಅವರ ಅಪ್ಪನ ಗೊಂಬೆಯನ್ನು ಅವಳು ಕಾಲುವೆಗೆ ಬಿಟ್ಟಿಲ್ಲವಲ್ಲ.

ಮುನಿರಾಬಾದಿನ ಡ್ಯಾಮ್ ಕಾಲನಿಯಲ್ಲಿ ನನಗೆ ಆಫೀಸಿನ ಕ್ವಾರ್ಟರ್ಸ್ ಇದೆ. ಸಂಜೆ ಕೆಲಸ ಮುಗಿಸಿ ಬಂದರೆ ಅಡುಗೆಮನೆಯ ಕಟ್ಟೆಯ ಮೇಲೆ ಗೇಣುದ್ದದ ಗೊಂಬೆ ಮಾಡುತ್ತೇನೆ. ದೇವರಲ್ಲ, ಮನುಷ್ಯರು: ಟಿಕೆಟ್ ಹರಿಯುವ ಕಂಡಕ್ಟರ್, ಸಂತೆಯಲ್ಲಿ ಬದನೆಕಾಯಿ ಆರಿಸುವ ಮುದುಕಿ. ಮೊದಲು ಹಸಿ ಮಣ್ಣಿನಲ್ಲಿ ತಿದ್ದಬೇಕು, ಆಮೇಲೆ ಅದರ ಮೇಲೆ ರಬ್ಬರ್ ಸುರಿದು ಅಚ್ಚು ತೆಗೆಯಬೇಕು. ಅಚ್ಚು ಬಂತೆಂದರೆ ಪ್ಲಾಸ್ಟರಿನಲ್ಲಿ ಎಷ್ಟು ಬೇಕಾದರೂ ಎರಕ ಹೊಯ್ಯಬಹುದು. ಅಲ್ಲಿಯ ತನಕ ಇರುವುದು ಆ ಮಣ್ಣಿನದೊಂದೇ.

ಮಣ್ಣು ಹಿಡಿಯಲು ಕಲಿಸಿದವನು ಅಪ್ಪ. ಮಣ್ಣೆತ್ತಿನ ಅಮಾವಾಸ್ಯೆಗೆ ನಮ್ಮಿಬ್ಬರನ್ನೂ ಕೂರಿಸಿಕೊಂಡು ಎತ್ತು ಮಾಡಿಸುತ್ತಿದ್ದ. ಪೂಜೆ ಮುಗಿದರೆ ಅವನ್ನು ನೀರಿಗೆ ಬಿಡಬೇಕು. ಕುಂಕುಮ ಕಂಡ ಮಣ್ಣು ಮನೆಯಲ್ಲಿ ಉಳಿಯಬಾರದು ಎಂಬುದು ನಮ್ಮ ಮನೆಯ ಪದ್ಧತಿ. ಅಪ್ಪ ಕಾಲುವೆಯ ದಿನಗೂಲಿಯವನು. ತೂಬು ಎತ್ತುವುದು, ಹೂಳು ತೆಗೆಯುವುದು ಅವನ ಕೆಲಸ. ಹರಿದ ಬನಿಯನ್, ಮೊಣಕಾಲ ತನಕ ರಾಡಿ, ಮುಂದಿನ ಹಲ್ಲಿಲ್ಲದ ಬಾಯಿ ತುಂಬ ನಗು. ಅವನು ತೀರಿಕೊಂಡ ಮೇಲೆ ಉಳಿದದ್ದು ಒಂದೇ ಫೋಟೊ, ಸ್ಟುಡಿಯೊದವನ ಕೋಟು ತೊಡಿಸಿ ತೆಗೆದದ್ದು. ಅದರಲ್ಲಿ ಅವನು ನಕ್ಕೇ ಇಲ್ಲ.

ಅವನನ್ನು ಮಾಡಲು ಕುಳಿತೆ. ಸಲಿಕೆ ಬಂತು, ಬನಿಯನ್ ಬಂತು, ನಗು ಬರಲೊಲ್ಲದು. ಮರಳಿ ಎಂಬ ಊರಿಗೆ ಮದುವೆ ಮಾಡಿ ಕೊಟ್ಟ ಅಕ್ಕ ಆಗ ನನ್ನ ಮನೆಗೆ ಬಂದಿದ್ದಳು. ಅವಳ ಬಾಯಿ ಥೇಟ್ ಅಪ್ಪನದು. ನಕ್ಕರೆ ಮೇಲ್ತುಟಿ ಎಡಕ್ಕೆ ಸರಿಯುತ್ತದೆ. ಎದುರಿಗೆ ಕೂರಿಸಿಕೊಂಡು "ನಗು" ಎಂದೆ.

"ಸುಮ್‌ಸುಮ್ನ ಹೆಂಗ ನಗ್ಲಿ? ಹುಚ್ಚಿ ಅದೀ ನೀ" ಎನ್ನುತ್ತ ನಕ್ಕೇ ಬಿಟ್ಟಳು. ನಾನು ಅವಳನ್ನು ನೋಡುತ್ತ ನೋಡುತ್ತ ತಿದ್ದಿದೆ. ಮುಗಿದಾಗ "ಅಪ್ಪನೇ ಬಂದು ಕುಂತಂಗ ಆತು" ಎಂದು ಕಣ್ಣೊರೆಸಿಕೊಂಡಳು. ನಾನೂ ಅತ್ತೆ.

ರಬ್ಬರ್ ಮುಗಿದಿತ್ತು. ಮರುದಿನ ತರಲು ಕೊಪ್ಪಳಕ್ಕೆ ಹೊರಟಾಗ ಅಕ್ಕನಿಗೆ ಹೇಳಿದೆ: "ಅಚ್ಚು ಇನ್ನೂ ಆಗಿಲ್ಲ, ಇದೊಂದ ಐತಿ. ಹಸಿ ಅರಿವಿ ಹೊಚ್ಚಿಡು, ಬಿರುಕು ಬಿಟ್ಟೀತು."

"ಹೋಗಿ ಬಾ, ನಾ ಅದೀನಲ್ಲ" ಎಂದಳು.

ಬಂದು ನೋಡಿದರೆ ಕಟ್ಟೆ ತೊಳೆದಿತ್ತು. ಅಕ್ಕ ತಲೆಗೆ ನೀರು ಹಾಕಿಕೊಂಡು, ಮಡಿಯುಟ್ಟು, ಚಹಾಕ್ಕಿಟ್ಟಿದ್ದಳು.

"ಅಪ್ಪ ಎಲ್ಲಿ?" ಎಂದೆ.

"ಕುಂಕುಮ ಹಚ್ಚಿ, ಎಡಿ ಹಿಡದು, ಕಾಲವಿಗೆ ಬಿಟ್ಟು ಬಂದ್ನಿ. ಸತ್ತವರನ್ನ ಮನ್ಯಾಗ ಹಂಗ ಇಟಗೋಬಾರ್ದು."

ರಬ್ಬರ್ ಡಬ್ಬಿಯನ್ನು ನೆಲಕ್ಕಿಟ್ಟು "ಖರೇ ಹೇಳು" ಎಂದೆ.

ಚಹಾ ಸೋಸುತ್ತಲೇ ಹೇಳಿದಳು: "ಐತಾರ ನನ್ನ ಮಗಳ್ನ ಕೇಳಿದ ಬೀಗರು ಡ್ಯಾಮ್ ನೋಡಾಕ ಬರ್ತಾರ, ಊಟ ಇಲ್ಲೇ. ಅಪ್ಪ ಆಫೀಸಿನ್ಯಾಗ ಸಾಹೇಬ ಇದ್ದ ಅಂತ ಹೇಳೇನಿ. ಆ ರಾಡಿಗಾಲು, ಆ ಹರಕ ಬನೇನು ನೋಡಿದ್ರ ಆಕಿ ಮದುವಿ ಗತಿ ಏನು?"

"ಒಳಗ ಮುಚ್ಚಿಡಬಹುದಿತ್ತಲ್ಲ."

"ನೀ ಮುಚ್ಚಿಡಾಕಿ ಅಲ್ಲ."

ನಂಬಿಸಿ ಕುತ್ತಿಗೆ ಕೊಯ್ಯುವುದು ಎಂದರೆ ಇದೇ. ಒಡೆದು ತಿಪ್ಪೆಗೆ ಎಸೆದಿದ್ದರೆ ಕಾಲನಿಗೆಲ್ಲ ಕೇಳುವಂತೆ ಬೈಯಬಹುದಿತ್ತು. ಪೂಜೆ ಮಾಡಿ ಬಿಟ್ಟಿದ್ದಾಳೆ. ಯಾರ ಮುಂದೆ ಹೇಳಿಕೊಂಡರೂ "ಛಲೋ ಮಾಡ್ಯಾಳ ಬಿಡ್ರಿ" ಎನ್ನುತ್ತಾರೆ. ಅಪ್ಪನ ಪದ್ಧತಿಯನ್ನೇ ಹಿಡಿದು ಅಪ್ಪನನ್ನು ಹೊರಗೆ ಹಾಕಿದಳು.

ಬೀಗರು ಬಂದರು, ಉಂಡರು, ಡ್ಯಾಮ್ ನೋಡಿ ಹೋದರು. ಅಕ್ಕನ ಮಗಳ ಮದುವೆಯೂ ಆಯಿತು. ಆಮೇಲೆ ಎಷ್ಟೋ ಸಲ ಮಣ್ಣು ಕಲಸಿದ್ದೇನೆ. ಮೈ ಬರುತ್ತದೆ, ಬಾಯಿ ಬರುವುದಿಲ್ಲ. ಆ ಬಾಯಿ ಈಗ ಉಳಿದಿರುವುದು ಅಕ್ಕನ ಮುಖದಲ್ಲಿ ಮಾತ್ರ, ಅದೂ ಅವಳು ನಕ್ಕಾಗ.

ಮೊನ್ನೆ ಅವಳೇ ಬಂದಳು, ಕೋಟಿನ ಫೋಟೊ ಹಿಡಿದುಕೊಂಡು. "ಹಿಂಗ ಮಾಡಿಕೊಡು. ಬೀಗರ ಮನಿಗೂ ಒಂದು ಕೊಡೂಣು" ಎಂದಳು.

ಮಣ್ಣು ತಂದು ಅವಳೆದುರು ಕುಳಿತೆ.

"ನಗು" ಎಂದೆ.

"ಈ ಫೋಟೊದಾಗ ಅಪ್ಪ ನಕ್ಕಿಲ್ಲಲ್ಲ" ಎಂದವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.