ಬಾಪನಿಗೆ ಕೊಟ್ಟ ನನ್ನ ಅಳತೆ

ಆಗ ತೊಕ್ಕೊಟ್ಟಿನ ನಮ್ಮ ಓಣಿಯಲ್ಲಿ ಅಪ್ಪ ಎಂದರೆ ಎರಡು ವರ್ಷಕ್ಕೊಮ್ಮೆ ಬರುವವರು, ಉಳಿದಂತೆ ಶುಕ್ರವಾರದ ಫೋನು. ನನ್ನ ಬಾಪನೂ ಹಾಗೆಯೇ, ಸೌದಿಯ ದಮ್ಮಾಮಿನಲ್ಲಿದ್ದರು. ಊರಿಗೆ ತರುವ ಬಟ್ಟೆಯನ್ನು ಆರು ತಿಂಗಳು ಮೊದಲೇ ಒಂದೊಂದಾಗಿ ಕೊಂಡು ಪೆಟ್ಟಿಗೆಗೆ ತುಂಬುತ್ತಿದ್ದರು. ಆ ಪೆಟ್ಟಿಗೆ ಬಿಚ್ಚಿದರೆ ಸಾಬೂನು, ಅತ್ತರು, ಚಾಕಲೇಟು ಎಲ್ಲ ಸೇರಿದ ವಾಸನೆ ಇಡೀ ಮನೆಗೆ! ಆದರೆ ನನ್ನ ಫ್ರಾಕು ಮಾತ್ರ ಪ್ರತಿ ಸಲವೂ ಗಿಡ್ಡ. ಕೊನೆಯ ಸಲ ನೋಡಿ ಹೋದ ಹುಡುಗಿಗೇ ಅವರು ತರುತ್ತಿದ್ದರು. "ಕೈ ಮೇಲೆ ಎತ್ತಬೇಡ, ಕಂಕುಳಲ್ಲಿ ಹರೀತದೆ," ಎಂದು ಉಮ್ಮ ಹಬ್ಬವಿಡೀ ನನ್ನ ಹಿಂದೆಯೇ. ನಾನು ಬೆಳೆದದ್ದು ಬಾಪನಿಗೆ ಗೊತ್ತೇ ಇಲ್ಲವಲ್ಲ ಎಂದು ನನಗೆ ಕೆಟ್ಟ ಸಿಟ್ಟು ಬರುತ್ತಿತ್ತು.

ಒಂಬತ್ತನೇ ಕ್ಲಾಸಿನಲ್ಲಿ ಗಣಿತದ ಟೀಚರು ಗ್ರಾಫಿನಲ್ಲಿ ಮೂರು ಚುಕ್ಕೆ ಇಟ್ಟು ಗೆರೆ ಎಳೆದರು. ಆ ಗೆರೆಯನ್ನು ಕೊನೆಯ ಚುಕ್ಕೆ ದಾಟಿಸಿ ಮುಂದಕ್ಕೆ ಒಯ್ದರು. "ಇದಕ್ಕೆ ಎಕ್ಸ್‌ಟ್ರಾಪೊಲೇಟ್ ಮಾಡುವುದು ಅಂತ ಹೇಳ್ತಾರೆ. ಗೊತ್ತಿದ್ದದ್ದನ್ನು ಹಿಡಿದು ಗೊತ್ತಿಲ್ಲದ್ದನ್ನು ಹೇಳುವುದು. ಬಾಯಿಗೆ ಬಂದದ್ದು ಹೇಳಿದರೆ ಅದು ಬರೀ ಗೆಸ್," ಎಂದರು. ನನಗೆ ಅಷ್ಟು ಸಾಕಾಯಿತು. ಪ್ರೋಗ್ರೆಸ್ ಕಾರ್ಡುಗಳಲ್ಲಿದ್ದ ನನ್ನ ಎತ್ತರಗಳನ್ನು ಗ್ರಾಫಿಗೆ ಹಾಕಿ, ಗೆರೆಯನ್ನು ಬಾಪ ಬರುವ ತಿಂಗಳವರೆಗೆ ಎಳೆದೆ. ಶುಕ್ರವಾರ ಉಮ್ಮನ ಕೈಯಿಂದ ಫೋನು ಕಸಿದುಕೊಂಡೆ.

"ಬಾಪಾ, ನಾನು ಎಕ್ಸ್‌ಟ್ರಾಪೊಲೇಟ್ ಮಾಡಿದ್ದೇನೆ."

"ಅದು ಎಂತ ಮಾರಾಯ್ತಿ? ಇಲ್ಲಿ ಅಂಗಡಿಯಲ್ಲಿ ಸಿಗ್ತದಾ?"

"ಅಯ್ಯೋ, ತರುವುದಲ್ಲ! ನೀವು ಬರುವಾಗ ನಾನು ಐದು ಅಡಿ ಆರು ಇಂಚು ಇರ್ತೇನೆ. ಬರ್ಕೊಳ್ಳಿ."

"ಅಷ್ಟು ಉದ್ದವಾ! ಗ್ಯಾರಂಟಿಯಾ?"

"ಗ್ಯಾರಂಟಿ. ಗಣಿತ ಅದು."

ಹುಡುಗಿಯರ ಎತ್ತರ ಒಂದು ವಯಸ್ಸಿಗೆ ನಿಂತುಬಿಡುತ್ತದೆ ಎಂದು ಆ ಗೆರೆಗೆ ಯಾರು ಹೇಳಬೇಕು! ನಾನು ಐದು ಅಡಿ ಒಂದು ಇಂಚಿಗೇ ನಿಂತೆ. ಲೆಕ್ಕ ತಪ್ಪಿತು ಎಂದು ಫೋನಿನಲ್ಲಿ ಒಪ್ಪಿಕೊಳ್ಳುವ ಪೈಕಿ ನಾನಲ್ಲ.

ಬಾಪ ಬರುವ ದಿನ ಉಮ್ಮ ಮನೆಯಲ್ಲಿ ಕೋಳಿಸಾರು ಮಾಡುತ್ತಿದ್ದರು. ನಾನು ಮಾಮನ ಜೊತೆ ಬಜ್ಪೆ ಏರ್‌ಪೋರ್ಟಿಗೆ ಹೋದೆ. ಬಾಪ ಹೊರಗೆ ಬಂದರು. ಮಾಮ ಕಾರು ನಿಲ್ಲಿಸಲು ಹೋಗಿದ್ದರು, ನಾನೊಬ್ಬಳೇ ಕಂಬಿಯ ಈಚೆ ನಿಂತು ಎರಡೂ ಕೈ ಬೀಸಿದೆ. ಅವರ ಕಣ್ಣು ನನ್ನ ತಲೆಯ ಮೇಲಿಂದಲೇ ಹಾದುಹೋಯಿತು. ನನ್ನ ಹಿಂದೆ ನಿಂತಿದ್ದ ಯಾರೋ ಉದ್ದದ ಹುಡುಗಿಯನ್ನು ನೋಡಿ ಬಾಯಿ ತುಂಬ ನಕ್ಕರು.

"ಬಾಪಾ, ನಾನಿಲ್ಲಿ!" ಎನ್ನುವಾಗ ನನಗೆ ಅಳು ಒತ್ತಿಕೊಂಡು ಬಂದಿತ್ತು.

ಬಾಪ ಬಗ್ಗಿ ನನ್ನ ಮುಖ ಹಿಡಿದರು. "ಎಂತ ಮಾಡುವುದು ಮಗಾ, ಒಂದು ವರ್ಷದಿಂದ ನಾನು ಫೋನಿನಲ್ಲಿ ಆ ಉದ್ದದ ಹುಡುಗಿಯ ಹತ್ತಿರವೇ ಮಾತಾಡ್ತಾ ಇದ್ದೆ," ಎಂದರು. ಹೇಳಿದ್ದು ನಗುತ್ತಲೇ, ಆದರೆ ಕಣ್ಣು ತುಂಬಿತ್ತು.

ಅವರು ತಂದ ಹಸಿರು ಗೌನು ನೆಲ ಗುಡಿಸುತ್ತಿತ್ತು. ಮಡಚಿ ಹೊಲಿಸಿಕೊಂಡು ಹಬ್ಬಕ್ಕೆ ಜಂಬದಿಂದಲೇ ತೊಟ್ಟೆ.

ಈಗ ನನ್ನ ಮಗಳು ದುಬೈಯಲ್ಲಿರುವ ಅಪ್ಪನಿಗೆ ಬಿದ್ದ ಹಲ್ಲನ್ನೂ ವಿಡಿಯೋ ಕಾಲಿನಲ್ಲಿ ತೋರಿಸುತ್ತಾಳೆ. ಒಳ್ಳೆಯದೇ ಆಯಿತು. ಹಳೆಯ ಕಾಲವೇ ಚೆಂದ ಎಂದು ಗೋಳಾಡುವವಳು ನಾನಲ್ಲ. ಆದರೆ ಗೆರೆ ಎಳೆಯಲಿಕ್ಕೂ ಚುಕ್ಕೆಗಳು ಬೇಕು. ನನ್ನ ಇಡೀ ಬಾಲ್ಯದಲ್ಲಿ ಬಾಪನಿಗೆ ಸಿಕ್ಕಿದ್ದು ಏಳೇ ರಜೆ, ಏಳೇ ಚುಕ್ಕೆ. ಅವರು ಊರಲ್ಲೇ ನಿಲ್ಲಲು ಬಂದಾಗ ನನಗೆ ಮದುವೆಯಾಗಿತ್ತು. ನಡುವಿನ ಮಗಳನ್ನೆಲ್ಲ ಅವರು ಅಂದಾಜಿನಲ್ಲೇ ಸಾಕಿದರು.